ಘಾಟು

ಮೊದಲ ಸಲ ನಲವತ್ತು ಫೋಟೊ ತೆಗೆದು ಒಯ್ದೆ.
ಮೋದಿನಸಾಬರು ಸ್ಟುಡಿಯೋದ ಗಾಜಿನ ಕಟ್ಟೆಯ ಮೇಲೆ
ಇಸ್ಪೀಟಿನ ಎಲೆಗಳಂತೆ ಹರವಿ
ಮೂವತ್ತೊಂಬತ್ತನ್ನು ಬೋರಲು ಹಾಕಿದರು.
ಉಳಿದೊಂದನ್ನು ಮೂಗಿನ ಹತ್ತಿರ ಹಿಡಿದು
"ಇದು ಮೆಣಸಿನಕಾಯೋ, ಕುಂಕುಮದ ಗುಡ್ಡೆಯೋ?" ಅಂದರು.

"ನೋಡವಾ, ಕೆಂಪು ಭಾಳ ಸೊಕ್ಕಿನ ಬಣ್ಣ.
ಬೆಳಕು ಒಂಚೂರು ಹೆಚ್ಚಾತಂದ್ರ
ಉಬ್ಬಿ, ಉಕ್ಕಿ, ಒಳಗಿಂದೆಲ್ಲಾ ನುಂಗಿ ಕುಂದರತೈತಿ.
ಸುಕ್ಕೆಲ್ಲಿ ಐತಿ ಇದರಾಗ?
ಬ್ಯಾಡಗಿ ಕಾಯಿ ಸುಕ್ಕಿಲ್ಲದ ಹುಟ್ಟೈತೇನು?"

ನೀಲಿ ಪೆನ್ಸಿಲಿನಿಂದ ಫೋಟೊದ ನಡುವೆ
ಒಂದು ಸೊನ್ನೆ ಬರೆದುಕೊಟ್ಟರು.
ಅಂಕವಲ್ಲವಂತೆ ಅದು, 'ಇಲ್ಲಿ ನೋಡು' ಅಂತಂತೆ.
ಮನೆ ಮುಟ್ಟುವತನಕ ನನಗದು ಅಂಕವೇ.

ಮಾಳಿಗೆಯ ಮೇಲೆ ಬಿಳಿ ತಾಟು, ಒಂಬತ್ತು ಕಾಯಿ,
ಗಂಟೆಗೊಂದು ಫೋಟೊ.
ಹನ್ನೆರಡರ ಬಿಸಿಲು ಏನನ್ನೂ ಹೇಳುವುದಿಲ್ಲ,
ಎಲ್ಲ ಬಲ್ಲವರ ಹಾಗೆ ನೆತ್ತಿಯ ಮೇಲೆ ನಿಲ್ಲುತ್ತದೆ.
ಏಳರ ಬಿಸಿಲು ಮಗ್ಗುಲಿಗೆ ಬಂದು ಕೂತು
ಒಂದೊಂದೇ ಮಡಿಕೆ ಬಿಚ್ಚಿ ತೋರಿಸುತ್ತದೆ.
ಬೆಳಕನ್ನು ಒಂದು ಮೆಟ್ಟಿಲು ಇಳಿಸಿದೆ. ಇನ್ನೊಂದು.
ಸಂಜೆ ಅವ್ವ ಅದರೊಳಗಿನ ಮೂರನ್ನು ಒಗ್ಗರಣೆಗೆ ಹಾಕಿದಳು.
ಮರುದಿನದ ಅಭ್ಯಾಸ ಆರು ಕಾಯಿಯದು.

ಸುಕ್ಕು ಹಿಡಿಯಲು ಕಲಿತೆನಲ್ಲ,
ಆ ಜಂಬದಲ್ಲೇ ದ್ಯಾಮವ್ವನ ಮುಖ ತೆಗೆದೆ:
ಪೇಟೆಯ ತಗಡಿನ ನೆರಳು, ಅಂಚಿಗೆ ಬೆಳಕು,
ಹಣೆಯ ಗೆರೆ ಒಂದೂ ತಪ್ಪಿಲ್ಲ.
ತೊಟ್ಟು ಮುರಿಯುತ್ತಲೇ ಆಕೆ ನೋಡಿದಳು.
"ನನ್ನ ಕೈ ಎಲ್ಲಿ ಹೋದುವು?
ಕೂಲಿ ಏನು ಮಾರಿಗೆ ಕೊಡತಾರ?"

ಸರಿ, ಕೈ.
ಕೊಬ್ಬರಿ ಎಣ್ಣೆ ಸವರಿದ ಬೆರಳು,
ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕೆಂಪು.
ಅಷ್ಟು ಚೊಕ್ಕ ಬಂದಿತ್ತೆಂದು ಓಡಿದೆ ಸ್ಟುಡಿಯೋಗೆ.
"ಕಲ್ಲಿನ ಕೈ," ಅಂದರು ಸಾಬರು.
"ನಿಂತ ಕೈ ಯಾವ ತೊಟ್ಟು ಮುರೀತೈತಿ?
ಕ್ಯಾಮೆರಾದ ರೆಪ್ಪಿ ನಿಧಾನ ಬಡಿಯಲಿ. ಬೆರಳು ಅಲುಕಲಿ, ಕಾಯಿ ಅಲುಕದಿರಲಿ."
ಹೇಳಲು ಒಂದು ಉಸಿರು ಸಾಕು.
ನನಗೆ ಎರಡು ತಿಂಗಳು ಹಿಡಿಯಿತು,
ಎಷ್ಟು ಹಾಳಾದವೆಂದು ಲೆಕ್ಕ ಬಿಟ್ಟೆ.

ಕಡೆಗೊಂದು ದಿನ ಬಂತು. ಬೆರಳು ಹೊಗೆಯಂತೆ, ಕಾಯಿ ಕಾಯಿಯಂತೆ.
ದ್ಯಾಮವ್ವ ಫೋಟೊ ಹಿಡಿದು ಬಹಳ ಹೊತ್ತು ನೋಡಿದಳು.
"ಕೈ ಖರೇವ," ಅಂದಳು, "ನನ್ನವೇ.
ಆದ್ರ ಘಾಟಿಲ್ಲ ಬಿಡು ಇದಕ್ಕ."

ಇದನ್ನು ಹೇಳಿದಾಗ ಮೋದಿನಸಾಬರು ನಕ್ಕರು, ಆಮೇಲೆ ನಗಲಿಲ್ಲ.
"ಮೂವತ್ತೆಂಟು ವರ್ಷ ಪಾಸ್‌ಪೋರ್ಟ್ ಸೈಜ್ ತೆಗೆದೆ.
ಕಿವಿ ಕಾಣಲಿ, ಕಣ್ಣು ಮುಚ್ಚಬ್ಯಾಡ್ರಿ, ಇಷ್ಟ.
ಒಬ್ಬರೂ ಹಿಂಗ ಕೇಳಲಿಲ್ಲವಾ.
ಕೇಳಿದ್ರ..."
ಎದ್ದು ಹೋಗಿ ಒಳಗಿನ ದೀಪ ಆರಿಸಿದರು.

ಚೀಲಗಳ ಹಿಂದೆ ಅಂಗಾತ ಮಲಗಿದ್ದೆ ಆ ದಿನ.
ಹಮಾಲನೊಬ್ಬ ಬೆನ್ನಿನ ಚೀಲ ಕೆಡವಿದ. ತಗಡಿನ ತೂತಿನಿಂದ
ಇಳಿದ ಕೋಲುಬಿಸಿಲು ಒಮ್ಮೆಲೇ ಕೆಂಪಾಯಿತು.
ಹೆಂಗಸರೆಲ್ಲ ಮುಖ ತಿರುಗಿಸಿದರು. ದ್ಯಾಮವ್ವ ಒಬ್ಬಳು
ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು,
ಬರುವ ಸೀನಿಗಾಗಿ ಕಾಯುತ್ತಿದ್ದಳು, ಕೈ ಮಾತ್ರ ನಿಂತಿರಲಿಲ್ಲ.
ಒತ್ತಿದೆ. ಒತ್ತುವಾಗಲೇ ನಾನೂ ಸೀನಿದೆ.

"ಸೊಟ್ಟ ಬಂದೈತಿ," ಅಂದರು ಸಾಬರು.
ನೀಲಿ ಪೆನ್ಸಿಲು ಎತ್ತಿದರು,
ಎಲ್ಲಿ ಸೊನ್ನೆ ಬರೆಯಬೇಕೆಂದು ಹುಡುಕಿದರು,
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

ದ್ಯಾಮವ್ವ ನೋಡಿದಳು.
ಸೆರಗು ತಾನಾಗಿ ಮೂಗಿಗೆ ಏರಿತು.
ಫೋಟೊ ನೋಡಿಯೋ,
ಹಿಂದೆ ಮತ್ತೊಂದು ಚೀಲ ಬಿತ್ತೆಂದೋ?
ಕೇಳಬೇಕೆನ್ನುವಷ್ಟರಲ್ಲಿ ಆಕೆ ಸೀನಿ,
ಮುಂದಿನ ಕಾಯಿಗೆ ಕೈ ಹಾಕಿದಳು.