ಹದಿನೈದು ದಿನದ ನೆನಪು

ಮನಿ ಕಟ್ಟೂದು ಇನ್ನೂ ಮುಗಿದಿರಲಿಲ್ಲ,
ಗಿಲಾಯಿ ಹಸಿ ವಾಸನಿ ಹೊಡೀತಿತ್ತು,
ಹವಾಲ್ದಾರ ಸಿದರಾಯ ಕನಮಡಿ ಅವರು
ಮೊದಲು ಕ್ಯಾಮೆರಾ ಹಾಕು ಅಂದ್ರು.
ಸೋಲಾಪುರ ರೋಡಿನ ಹೊಸ ಲೇಔಟು,
ಸುತ್ತ ಜಾಲಿಕಂಟಿ, ಅಳತಿಕಲ್ಲು.
ಕದಿಯಾಕ ಇಲ್ಲೇನೈತಿ ಅಂತ ನಾ ಕೇಳಲಿಲ್ಲ,
ನನ್ನ ಹೊಟ್ಟಿಪಾಡು ಅದು.

ಲಾಡ್ಲೇಮಶಾಕ ಏಣಿ ಹಿಡದು ನಿಂತಿದ್ದ.
ನಾ ವೈರು ಬಿಗಿಯಾಗಿ ಎಳದು ಕ್ಲಿಪ್ಪು ಹೊಡೀತಿದ್ದೆ.
"ಏ ತಮ್ಮಾ, ಸಡ್ಲ ಬಿಡು," ಕೆಳಗಿಂದ ಅವರು,
"ಥಂಡಿಗೆ ವೈರು ಕುಗ್ಗತೈತಿ.
ಬಿಗದ್ದೆಲ್ಲ ಹರೀತೈತಿ."

ನನಗ ನಗು ಬಂತು. ಇದು ವಿಜಯಪುರ್ರೀ ಸಾಹೇಬ್ರ,
ಬ್ಯಾಸಿಗ್ಯಾಗ ಇದರ ಮೈ ಮುಟ್ಟಿದ್ರ
ರೊಟ್ಟಿ ಹಂಚು ಮುಟ್ಟಿದಂಗ.
ಕ್ಯಾಮೆರಾ ಸುಟ್ಟಿದ್ದು ನೋಡೀನಿ, ನಡುಗಿದ್ದು ನೋಡಿಲ್ಲ.

ಅವರು ನಗಲಿಲ್ಲ. ಉಸುಕಿನ ಚೀಲದ ಮ್ಯಾಲೆ ಕುಂತು
ಎಡಗೈ ಸ್ವೆಟರಿನ ಕಿಸೆದಾಗ ಇಟಗೊಂಡು
ಯಾರಿಗೋ ವರದಿ ಒಪ್ಪಿಸಿದಂಗ ಹೇಳಿದ್ರು:
ಮೈನಸ್ ಮೂವತ್ತಕ್ಕ ಬ್ಯಾಟರಿ
ತುಂಬೈತಿ ಅಂತ ತೋರಿಸಿಕೋತನ ಸಾಯತೈತಿ.
ಪ್ಲಾಸ್ಟಿಕ್ಕು ಹಪ್ಪಳದಂಗ ಮುರೀತೈತಿ.
ಗಾಜಿನ ಮ್ಯಾಲೆ ಉಸುರು ಬಿಡಬಾರದು,
ನಿನ್ನ ಉಸುರ ಅಲ್ಲಿ ಬರ್ಫಾಗಿ ಕೂಡ್ತೈತಿ.
ಬಿಸಿನೀರು ಸುರವಿದ್ರ ಗಾಜು ಬಿರೀತೈತಿ.
"ಮತ್ತೇನ್ ಮಾಡ್ತಿದ್ರಿ?"
"ಏನರ ಮಾಡ್ತಿದ್ವಿ."
ಚಾ ಬಂತು. ಬಲಗೈಲೆ ತಗೊಂಡ್ರು.

ವೈರು ಒಂದು ಗೇಣು ಹೆಚ್ಚಿಗಿ ಬಿಟ್ಟೆ,
ಅದರ ಹದಿನೆಂಟು ರೂಪಾಯಿ
ಬಿಲ್ಲಿನಾಗ ಬ್ಯಾರೆ ಬರಸಿ ಕೊಟ್ರು.

ಎಳ್ಳಮಾಸಿ ದಾಟಿ ಎರಡನೇ ದಿನ
ಅವರ ಮನಿಯವರು ನೀಲಗಂಗಾಬಾಯಿ ಫೋನು ಮಾಡಿದ್ರು:
ರಾತ್ರಿ ಎಚ್ಚರಾಗಿ ನೋಡಿದ್ರ ಟೀವಿ ತುಂಬ ಬೆಳ್ಳಗ,
ಏನೂ ಕಾಣವಲ್ದು, ಕೆಟ್ಟೈತೇನೋ ಬಂದು ನೋಡಪ್ಪ.

ಆ ವಾರ ಊರ ಮುದುರಿ ಬಿದ್ದಿತ್ತು.
ಆರೋ ಏಳೋ ಡಿಗ್ರಿ ಅಂದಿತ್ತು ಪೇಪರು.
ಬಸ್‌ಸ್ಟ್ಯಾಂಡಿನಾಗ ಟೈರು ಸುಟ್ಟು ಕೈ ಕಾಸತಿದ್ರು,
ನನ್ನ ಗಾಡಿ ಹದಿಮೂರು ಒದಿಗೆ ಎದ್ದಿತ್ತು.

ಹೋಗಿ ನೋಡಿದ್ರ ಕ್ಯಾಮೆರಾ ಚೊಲೋನ ಇತ್ತು,
ಗಾಜು ಒಣಗಿ ಲಕಲಕ.
ಮೂಲ್ಯಾಗ ಒಂದು ಜೇಡ ಬಲಿ ನೇದಿತ್ತು,
ರಾತ್ರಿ ಉರಿಯೂ ಕೆಂಪು ದೀಪದ ಕಾವಿಗೆ.
ಹವಾಲ್ದಾರ್ರು ಮನ್ಯಾಗಿಲ್ಲ, ಸಂತಿಗೆ ಹೋಗ್ಯಾರ.
ಟೀವಿ ಮುಂದ ಕುಂತು ಹಿಂದಕ್ಕ ತಿರುಗಿಸಿದೆ.

ನಾಕೂ ಹತ್ತು: ಗೇಟು, ಜಾಲಿ, ಗಾರಿ ಬುಟ್ಟಿ.
ನಾಕೂ ಇಪ್ಪತ್ತು: ಗೇಟಿಲ್ಲ. ಜಾಲಿಲ್ಲ.
ವಿಜಯಪುರ ಇಲ್ಲ.
ನಾಕೂ ಇಪ್ಪತ್ತೆಂಟಕ್ಕ ಆ ಬಿಳುಪಿನ ಮ್ಯಾಲೆ
ಒಂದು ನೆರಳು ಬಂದು ಕೂತು
ಪರದೆ ಪೂರಾ ಬೂದಿ ಬಣ್ಣ ಆತು.
ಒರಸಲಿಲ್ಲ, ತಿಕ್ಕಲಿಲ್ಲ,
ಕೂಸಿನ ನೆತ್ತಿ ಮ್ಯಾಲೆ ಇಟ್ಟಂಗ ಇಟ್ಟಿತ್ತು.
ಹನ್ನೊಂದು ನಿಮಿಷ. ನಾ ಓಡಿಸದ ನೋಡಿದೆ.

ಆಮ್ಯಾಲ ಮೆಲ್ಲಕ ಹಿಂದ ಸರೀತು,
ತಿಳಿಯಾದ ಗಾಜಿನಾಗ ಕಂಡದ್ದು ಅಂಗೈ.
ರೇಖಿ ರೇಖಿ, ನೇಗಿಲ ಸಾಲಿನಂಗ.
ಹೆಬ್ಬಟ್ಟು. ತೋರಬಟ್ಟು. ನಡುಬಟ್ಟು.
ಮುಂದ ಎರಡು ಮೊಂಡು, ನುಣ್ಣಗ,
ಉರದು ಮುಗದ ಮೇಣಬತ್ತಿಯಂಗ.

ಏಣಿ ಮ್ಯಾಲೆ ಒಬ್ಬರ ನಿಂತಿದ್ರು, ಬನಿಯನ್ನಿನ ಮ್ಯಾಲೆ.
ಏಣಿ ಹಿಡ್ಯಾಕ ಯಾರೂ ಇರಲಿಲ್ಲ.
ಕ್ಯಾಮೆರಾದ ಕಡೆ ನೋಡಲಿಲ್ಲ,
ಅದು ನೋಡೂ ಕಡೆನ ಮಾರಿ ಮಾಡಿ ನಿಂತ್ರು,
ಗೇಟಿನಾಚೆ, ಬಯಲಿನಾಚೆ,
ಹಾಲಿನವನ ಗಾಡಿ ಸಪ್ಪಳ ಆಗೂತನ.

"ಏನಾಗಿತ್ತಪ್ಪ?" ಅಂದ್ರು ನೀಲಗಂಗಾಬಾಯಿ.
"ಥಂಡಿರೀ. ತನ್ನಷ್ಟಕ್ಕ ತಾನ ಹೋಗೈತಿ."

ಪೆನ್‌ಡ್ರೈವ್ ಕಿಸೆದಾಗನ ಇತ್ತು, ತಗೀಲಿಲ್ಲ.
ಈ ಡಬ್ಬಿಗೆ ಹದಿನೈದು ದಿನದ ನೆನಪು,
ಆಮ್ಯಾಲ ಹಳೇದರ ಮ್ಯಾಲೆ ಹೊಸಾದು ಬರಕೋತೈತಿ.
ಹದಿನಾರನೇ ದಿನ ಆ ಕೈ ಮ್ಯಾಲೆ
ಯಾವುದರ ಬೆಕ್ಕು ದಾಟಿ ಹೋಗಿರಬೇಕು.

ಈಗ ಎಲ್ಲೇ ವೈರು ಎಳದ್ರೂ
ಒಂದು ಗೇಣು ಸಡ್ಲ ಬಿಡ್ತೀನಿ.
"ದಂಡ ಅಲ್ಲೇನಣ್ಣ," ಅಂತಾನ ಲಾಡ್ಲೇಮಶಾಕ,
ಏಣಿ ಗಟ್ಟಿ ಹಿಡದು.