ಹಸಿ

ಮೂವತ್ತು ದಿನದ ಪುಕ್ಕಟೆ ಇವತ್ತಿಗೆ ಮುಗೀತು.
ರಾತ್ರಿ ಹನ್ನೆರಡು ಹೊಡೀತಂದ್ರ ಪರದೆ ಮ್ಯಾಲೆ ಬೀಗ:
ಬಾಡಿಗಿ ಕಟ್ಟು, ಇಲ್ಲಾ ಗಂಟು ಕಟ್ಟು.

ಬ್ಯಾಡಗಿ ಸ್ಟೇಷನ್ ರಸ್ತೆದಾಗ ನನ್ನ ಸ್ಟುಡಿಯೋ.
ಎರಡು ಛತ್ರಿ ಲೈಟು, ಒಂದು ಮುರುಕು ಸ್ಟೂಲು,
ಕಡತ ತೆರೆಯೂದ್ರಾಗ ಚಾ ಕುಡದು ಬರುವಷ್ಟು
ನಿಧಾನ ಉಸಿರಾಡೋ ಕಂಪ್ಯೂಟರು.
ಪಾಸ್‌ಪೋರ್ಟ್ ಮುಖಗಳಿಗೆ ಯಾವ ಸಾಫ್ಟ್‌ವೇರ್ ಆದ್ರೂ ನಡೀತೈತಿ.
ಈಗ ಬಂದದ್ದು ಮೆಣಸಿನಕಾಯಿ.

"ಸೂರತ್ತಿನ ಪಾರ್ಟಿಗೆ ಕಳಸೂದೈತಿ,
ಕೆಂಪು ಕಣ್ಣಿಗೆ ಹೊಡೀಬೇಕು"
ಅಂದಿದ್ದ ದಲಾಲಿ ಅಂಗಡಿಯ ಕಳಕಪ್ಪ ಹೊಂಬಳ.
ಯಾರ್ಡಿನಾಗ ನೀಲಿ ತಾಡಪತ್ರಿ ಕೆಳಗ ರಾಶಿ.
ಸೀನಿಕೋತ, ಕಣ್ಣೊರಸಿಕೋತ
ನಲವತ್ತು ಸಲ ಒತ್ತಿದೆ.

ನನ್ನ ಗುರು ಪರಶುರಾಮಸಾ ಬಾಕಳೆ, ಬೆಟಗೇರಿಯವರು,
ಕೆಂಪು ಬಲ್ಬಿನ ಕತ್ತಲಕೋಣಿಯೊಳಗ ಅಂತಿದ್ರು:
"ತಮ್ಮಾ, ಈ ಬೆಳಕಿನಾಗ ಎಲ್ಲಾ ಕಾಣತೈತಿ,
ಕೆಂಪೊಂದು ಬಿಟ್ಟು."
ಆ ಕೋಣಿ ಈಗ ಮೊಬೈಲ್ ರಿಪೇರಿ ಅಂಗಡಿ.
ಕ್ಯಾಮೆರಾ ಕೊಡೂದು ನೆಗೆಟಿವ್ ಅಲ್ಲ, ಹಸಿ ಕಡತ:
ಬೇಯಿಸದ ಬೆಳಕು.
ಯಾರ ಒಲಿ ಮ್ಯಾಲೆ ಇಟ್ಟರ ಅವರ ರುಚಿ.

ಮೂರು ಒಲಿ ಹಚ್ಚಿ ನೋಡಿದೆ.
ಒಂದು ತಿಂಗಳಾ ಬಾಡಿಗಿ ಬೇಡತೈತಿ, ಮುಗಿಲಾಗ ಮನಿ ಮಾಡೇತಿ.
ಒಂದು ಒಮ್ಮೆಲೆ ರೊಕ್ಕ ಎಣಿಸಿಕೊಂಡು ಸುಮ್ಮನಿರತೈತಿ.
ಮೂರನೇದ್ದು ಧರ್ಮದ್ದು,
ಊರು ಹೆಸರು ಗೊತ್ತಿಲ್ಲದವರು ಕೂಡಿ ಕಟ್ಟಿದ್ದು.
ಅದರ ಗುಂಡಿ ನೂರಾರು, ಯಾವುದು ಯಾತಕ್ಕಂತ ಹೇಳವ್ರಿಲ್ಲ;
ಮೂರು ರಾತ್ರಿ ಅದರ ಕೂಡ ಜಗಳಾಡೇನಿ.

ಬಿಳಿ ಯಾವುದು ಅಂತ ಮೊದಲು ತೋರಿಸಬೇಕು ಇವಕ್ಕ.
ರಾಶಿ ಮಗ್ಗಲ ಕುಂತು ತೊಟ್ಟು ಬಿಡಸಾಕಿ ಫಕ್ಕೀರವ್ವ
ಮೂಗಿಗೆ ಕಟ್ಟಿದ ಟವೆಲ್ಲು
ಒಂದು ಕಾಲಕ್ಕ ಬಿಳಿ.
ಅದರ ಮ್ಯಾಲೆ ಒತ್ತಿದೆ.
ನೀಲಿ ಇಳೀತು, ಇಡೀ ಯಾರ್ಡು ಮಗ್ಗಲಾತು.

ಪಿಂಚಣಿ ಅರ್ಜಿಗೆ ಫೋಟೋ ಬೇಕಂತ
ಸಂಜಿಗೆ ಅಕೀನ ಬಂದ್ಲು. ತೋರಿಸಿದೆ.
ಮೊದಲನೇದ್ದು ನೋಡಿ, "ಇದಕ್ಕ ಎಣ್ಣಿ ಹಚ್ಚ್ಯಾರ."
ಎರಡನೇದ್ದು, "ಹ್ವಾದ ವರ್ಷದ ಮಾಲು, ಕೋಲ್ಡ್ ಸ್ಟೋರೇಜಿಂದು."
ಮೂರನೇದ್ದಕ್ಕ ಮೂಗು ಹತ್ತಿರ ಒಯ್ದಳು,
ಪರದೆಗೆ ಎಲ್ಲಿ ಘಾಟು ಬರಬೇಕು ಪಾಪ,
"ಇದು ಖರೇ. ಹಸಿ ಐತಿ.
ನಸಿಕಿನ್ಯಾಗ ನೀರು ಹೊಡದಾರ, ತೂಕಕ್ಕ.
ಇನ್ನ ಎರಡು ಬಿಸಲು ಬೇಕು."

ಕಳಕಪ್ಪ ಬಂದವನ ನೇರ
ಎಣ್ಣಿ ಹಚ್ಚಿದ್ದನ್ನ ಬೆರಳಿಟ್ಟು ಮುಟ್ಟಿದ.
ಅವನ ರೊಕ್ಕದಾಗ ಬಾಡಿಗಿ ಕಟ್ಟಿದೆ,
ಸುಳ್ಳು ಯಾಕ ಹೇಳಲಿ, ಒಂದು ತಿಂಗಳದ್ದು.
ಧರ್ಮದ್ದನ್ನ ಅಳಿಸಲಿಲ್ಲ.

ಎಷ್ಟು ತಿದ್ದಿದರೂ ಇವು ಮೂಲಕ್ಕ ಕೈ ಹಚ್ಚಂಗಿಲ್ಲ,
ತಿದ್ದಿದ್ದೆಲ್ಲಾ ಮಗ್ಗಲ ಒಂದು ಚೀಟಿಯೊಳಗ ಬರಕೋತಾವು,
ದಲಾಲಿ ಅಂಗಡಿ ಎರಡನೇ ಲೆಕ್ಕದ ಹಂಗ.
ಸೂರತ್ತಿನಾಗ ಯಾರೋ ಆ ಕೆಂಪು ನೋಡಿ
ಈಗ ರೇಟು ಕೂಗತಿರಬೇಕು.

ಫೋಟೋದ ರೊಕ್ಕ ಬ್ಯಾಡಂದ್ರ ಕೇಳಲಿಲ್ಲ ಫಕ್ಕೀರವ್ವ,
ಉಡಿಯಿಂದ ಎರಡು ಕಾಯಿ ತಗದು ಇಟ್ಟು ಹ್ವಾದ್ಲು.
ಮಾನಿಟರಿನ ಬಿಸಿಗೆ ಅವು ಒಣಗಿ ಸುಕ್ಕಾದ್ವು.
ಡಿಸ್ಕಿನೊಳಗ
ರಾಶಿ ಇನ್ನೂ ಹಸಿ.