ಅಳತೆ ಪುಸ್ತಕ

ಮೊದಲ ಅಳತೆ ಅಪ್ಪ ತೆಗೆದದ್ದು:
ಎತ್ತರ ಐದೂವರೆ ಅಡಿ, ಅಗಲ ಮೂರು,
ಹಲಸಿನ ಹಲಗೆ, ಜೋಡಿ ಬಾಗಿಲು, ಬೀಗ ಬೇರೆ.
ಕೂಲಿ ಹದಿನೆಂಟು ರೂಪಾಯಿ.
ಅದರಲ್ಲಿ ಏಳು ಇನ್ನೂ ಬಾಕಿ.

ಆಗ ರಿಪ್ಪನ್‌ಪೇಟೆಯ ಲೈಬ್ರರಿ ಎಂದರೆ ಆ ಒಂದು ಬೀರು.
ಅಕ್ಕಿ ಗಿರಣಿಯ ಜಗಲಿಯಲ್ಲಿ, ತೌಡಿನ ಚೀಲಗಳ ಪಕ್ಕ
ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು,
ಕೆಲಸ ಕೇಳಲು ಬಂದವನ ಹಾಗೆ.
ಗಿರಣಿ ಓಡುವಾಗ ಒಳಗೆ ಪುಸ್ತಕಗಳು ನಡುಗುತ್ತಿದ್ದವು.
ಗಿರಣಿ ನಿಂತ ಮೇಲೆ ಓದುವವರು ಬರುತ್ತಿದ್ದರು,
ಪುಟ ತಿರುಗಿಸುವ ಮೊದಲು ಒಮ್ಮೆ ಉಫ್ ಎಂದು ಊದುತ್ತಿದ್ದರು.

ಎರಡನೇ ಅಳತೆಗೆ ದಾರ ಹಿಡಿದವನು ನಾನು.
ಪಂಚಾಯ್ತಿಯವರು ದನದ ದೊಡ್ಡಿಯ ಕೋಣೆ ಬಿಟ್ಟುಕೊಟ್ಟಿದ್ದರು,
ಹನ್ನೆರಡಕ್ಕೆ ಹತ್ತು.
ಎಮ್ಮೆಯೊಂದು ಹಳೇ ಅಭ್ಯಾಸದಲ್ಲಿ
ಸಂಜೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು.
"ಕಾರ್ಡು ಉಂಟೋ?" ಅನ್ನುತ್ತಿದ್ದರು ಲೋಬೋ ಮೇಷ್ಟ್ರು, ತಲೆ ಎತ್ತದೆ.

ಮನೆ ಕಂದಾಯದ ರಶೀದಿಯ ಕೊನೇ ಸಾಲು: ಗ್ರಂಥಾಲಯ ಕರ.
ರೂಪಾಯಿಗೆ ಆರು ಪೈಸೆ. ಬೈಯದೆ ಕೊಟ್ಟವರಿಲ್ಲ.
ಆ ಬೈಗುಳದಲ್ಲೇ ಎರಡು ಬೆಂಚು ಮಾಡಿದೆವು,
ಮತ್ತೆರಡು ಬೀರು, ಒಂದು ಏಣಿ.

ಎದುರಿಗೇ ಬಂಗಾರಮ್ಮನ ಅಂಗಡಿ. ಒಣಮೀನು.
ಅವಳಿಗೆ ಅಕ್ಷರ ಬರದು. ವಾರಕ್ಕೊಂದು ಪುಸ್ತಕ ಬೇಕು.
ದಪ್ಪದ್ದೇ ಆಗಬೇಕು, ಕೊಲೆ ಇದ್ದರೆ ಒಳ್ಳೆಯದು.
ಓದುವವನು ನಾನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು,
ಉಳಿ ಹಿಡಿದು ಬೊಬ್ಬೆ ಎದ್ದ ಬೆರಳಲ್ಲಿ ಸಾಲು ಹಿಡಿದು.
ಪುಟಕ್ಕೆ ಒಂದು ಪೆಪ್ಪರಮೆಂಟು. ಅವಳು ಅತ್ತರೆ ಎರಡು.
ಒತ್ತಕ್ಷರ ನುಂಗಿದರೆ ಗೊತ್ತಾಗಿಬಿಡುತ್ತಿತ್ತು:
"ಹಂಗೆ ಯಾರು ಮಾತಾಡ್ತಾರಾ?
ಇನ್ನೊಂದ್ ಸಲ ನೋಡು ಮಾರಾಯ."

ಪುಸ್ತಕ ವಾಪಸು ಹೋದಾಗ ಸೀಗಡಿ ವಾಸನೆ.
ಪೇಟೆಯ ಇಬ್ಬರು ದೊಡ್ಡವರು ದೂರು ಬರೆದು ಸಹಿ ಹಾಕಿದರು.
ಮೇಷ್ಟ್ರು ಎರಡು ಸಲ ಓದಿ
ಒಂದು ಕಾಗುಣಿತ ತಿದ್ದಿ ಹಿಂದಕ್ಕೆ ಕೊಟ್ಟರು.
ಮೂಗು ಮುಚ್ಚಿಕೊಂಡಾದರೂ ಅದೇ ಪುಸ್ತಕಗಳನ್ನು
ಅವರಿಬ್ಬರೂ ಒಯ್ದದ್ದು ರಿಜಿಸ್ಟರಿನಲ್ಲಿದೆ.

ಮೂರನೇ ಅಳತೆ ಈ ವರ್ಷದ್ದು.
ಇಂಜಿನಿಯರು ಟೇಪು ಬಿಚ್ಚುವುದಿಲ್ಲ,
ಗೋಡೆಗೆ ಕೆಂಪು ಚುಕ್ಕೆ ಬಿಡುತ್ತಾನೆ, ಕೈಯಲ್ಲಿ ಅಂಕಿ ಮೂಡುತ್ತದೆ.
ಮೇಲೊಂದು ಮಹಡಿ, ಮಕ್ಕಳಿಗೆ ಬೇರೆ ಕೋಣೆ, ಆರು ಕಂಪ್ಯೂಟರು,
ದಾನಿಗಳ ಹೆಸರಿಗೆ ಗ್ರಾನೈಟು, ನಾಲ್ಕಕ್ಕೆ ಎರಡು.
ಕಪಾಟು ಕಬ್ಬಿಣದವು, ಶಿವಮೊಗ್ಗದಿಂದ ಲಾರಿಯಲ್ಲಿ ಬಂದವು.
ನನಗೆ ಉಳಿದದ್ದು ಹಳೆಯದನ್ನು ಬಿಚ್ಚುವ ಕೆಲಸ.

ಅಪ್ಪನ ಬೀರಿನ ಹಿಂದೆ ಬಿದ್ದಿತ್ತು ಆ ರಿಜಿಸ್ಟರು,
ಗೆದ್ದಲು ತಿಂದು ಬಿಟ್ಟದ್ದು.
'ಪಡೆದವರ ಸಹಿ' ಎಂಬಲ್ಲಿ ನೀಲಿ ಹೆಬ್ಬೆಟ್ಟು.
ಮುಂದಿನ ವಾರ ಹೆಬ್ಬೆಟ್ಟು. ಅದರ ಮುಂದಿನ ವಾರವೂ.
ನೂರ ಎಂಬತ್ತರವರೆಗೆ ಎಣಿಸಿದೆ, ಆಮೇಲೆ ಬರೀ ಮಣ್ಣು.
ಮೂಸಿ ನೋಡಿದೆ. ವಾಸನೆ ಇಲ್ಲ.

ಗಂಟಿನ ಸುತ್ತ ಮರದ ಎಳೆ ಬಳಸಿಕೊಂಡು ಹೋಗುವ ಹಾಗೆ
ಆ ಗೆರೆಗಳು. ಆಷಾಢದ ಒಂದು ವಾರದಿಂದೀಚೆ
ಎಲ್ಲದರ ನಡುವೆ ಅಡ್ಡಕ್ಕೊಂದು ಗೀರು.
ಮೆಟ್ಟುಗತ್ತಿ ತಾಗಿದ ದಿನ ನಾನಲ್ಲೇ ಇದ್ದೆ;
ಕೊಲೆಗಾರ ಬಾಗಿಲು ತಟ್ಟುವ ಜಾಗ,
ನಾನು ಬೇಕೆಂದೇ ಉಸಿರು ಹಿಡಿದು ನಿಲ್ಲಿಸಿದ್ದೆ.
ರಕ್ತ ಸೆರಗಿಗೆ ಒರೆಸಿಕೊಂಡು ಅವಳು ಕೇಳಿದ್ದು ಒಂದೇ:
"ತೆಗೆದಳಾ, ಇಲ್ಲವಾ?"

ಹಳೇ ಬೀರನ್ನು ಮೆಟ್ಟಿಲ ಕೆಳಗೆ ಇಡಬಹುದು ಅಂದಿದ್ದಾರೆ,
ಪೊರಕೆ ಬಕೆಟ್ಟಿಗೆ ಆಗುತ್ತದಂತೆ.
ಅಲ್ಲಿ ಎತ್ತರ ಐದಡಿ ನಾಲ್ಕಂಗುಲ.
ಎರಡಂಗುಲ ಕಾಲು ಕೊಯ್ದರೆ ಕೂರುತ್ತದೆ.
ಗರಗಸ ಮನೆಯಲ್ಲಿ ಮರೆತು ಬಂದೆ ಅಂದೆ ಇಂಜಿನಿಯರಿಗೆ,
ಚೀಲವನ್ನು ಕಾಲಿಂದ ಹಿಂದಕ್ಕೆ ತಳ್ಳುತ್ತಾ.